ಹಿಡಿದು ಕೂರದ ಪದ್ಮರಾಜಣ್ಣ

ಪದ್ಮರಾಜಣ್ಣ ಫೋನ್ ಎತ್ತಿದರೆ ಹಲೋ ಅನ್ನುತ್ತಿರಲಿಲ್ಲ, "ಸೇವ್ ಮಾಡಿದ್ರಾ?" ಅನ್ನುತ್ತಿದ್ದರು. ಹೆಂಡತಿ ಕರೆ ಮಾಡಿದರೂ ಅದೇ. ಸಾಗರದ ನಮ್ಮ ರಕ್ತನಿಧಿಯ ಸರ್ವರ್ ಅವರ ಸುಪರ್ದಿಯಲ್ಲಿತ್ತು. ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ಹೊಸನಗರ, ತೀರ್ಥಹಳ್ಳಿ ಶಾಖೆಗಳೂ ಆ ಸರ್ವರಿನಲ್ಲೇ ರಕ್ತ ಕಾದಿರಿಸುತ್ತಿದ್ದವು. ಸರ್ವರಿನಿಂದ ರಕ್ತದ ಲೆಕ್ಕವಿಡುವ ಡೇಟಾಬೇಸಿಗೆ ಇದ್ದ ಕನೆಕ್ಷನ್ನುಗಳು ಬೆರಳೆಣಿಕೆಯಷ್ಟು. ಒಬ್ಬರು ಬಿಟ್ಟರೇ ಇನ್ನೊಬ್ಬರಿಗೆ. "ಹಿಡ್ಕಂಡು ಕೂರಬ್ಯಾಡಿ ಮಾರಾಯ್ರೆ, ಕೆಲಸ ಆದ್ಮೇಲೆ ಬಿಡಿ" ಎಂದು ದಿನವಿಡೀ ಹೇಳುತ್ತಿದ್ದರು. ಪೇಪರ್ ಓದುತ್ತಾ ಕೂತವರಿಗೂ ಅದೇ ಮಾತು.

ನಮ್ಮ ಕಡೆಯವರ ಚಾಳಿ ಗೊತ್ತಲ್ಲ. ರಕ್ತ ಕೇಳಲು ಬಂದವರನ್ನೂ ಯಾವ ಊರು, ಯಾರ ಮನೆ ಎಂದು ವಿಚಾರಿಸಿ, ನೆಂಟಸ್ತನ ಹುಡುಕದೆ ಬಿಡುವುದಿಲ್ಲ. ಇತ್ತ ಅರ್ಜಿಯ ಪುಟ ತೆರೆದ ಗಳಿಗೆಯಿಂದ ಸೇವ್ ಮಾಡುವವರೆಗೂ ಪ್ರೋಗ್ರಾಮ್ ಒಂದು ಕನೆಕ್ಷನ್ನನ್ನೂ ರಕ್ತದ ಚೀಲವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಲ್ಲಲೊಲ್ಲದು. ಅವಳ ಗುಂಪಿನದು ಉಳಿದಿದ್ದು ಹೊಸನಗರದ ಫ್ರಿಜ್ಜಿನಲ್ಲಿ ಒಂದೇ ಚೀಲ. ಪರದೆಯಲ್ಲಿ ಚಕ್ರ ಮಾತ್ರ ಸುತ್ತುತ್ತಲೇ ಇತ್ತು. ಕನೆಕ್ಷನ್ ಒಂದೂ ಖಾಲಿಯಿಲ್ಲ, ಆ ಚೀಲವೂ ಹೊಸನಗರದ ಯಾವುದೋ ಅರ್ಧ ತುಂಬಿದ ಅರ್ಜಿಯೊಳಗೆ.

"ಸರ್ವರ್ ಆಫ್ ಮಾಡಿ ಆನ್ ಮಾಡ್ರೀ" ಎಂದರು ಮ್ಯಾನೇಜರು.

"ಮಾಡಿದ್ರೆ ಅರ್ಧ ಬರೆದಿದ್ದೆಲ್ಲ ಅಳಿಸಿ ಹೋಗುತ್ತೆ ಸಾರ್. ಹೊಸನಗರದಲ್ಲೂ ಯಾರಾದ್ರೂ ಸಾಯೋ ಸ್ಥಿತೀಲಿದ್ರೆ? ಕೇಳ್ತೀನಿ, ತಡೀರಿ" ಎಂದು ಪದ್ಮರಾಜಣ್ಣ ಹೊಸನಗರಕ್ಕೆ ಕರೆ ಮಾಡಿದರು.

ಅಲ್ಲಿನ ಶಾರದಕ್ಕ ಫೋನ್ ಎತ್ತಿದಳು.

"ಶಾರದಕ್ಕ, ನಿಮ್ಮೆದುರು ನಿಂತೋರ ಅಜ್ಜನ ಮನೆ ಆಮೇಲೆ ಹುಡ್ಕನ. ರಕ್ತ ಈಗ್ಲೇ ಬೇಕಾ?"

"ಇಲ್ಲಪ್ಪ, ಆಪರೇಷನ್ ಇನ್ನೂ ಮುಂದಿನ ವಾರ."

"ಹಂಗಾರೆ ರದ್ದು ಮಾಡಿ. ತೀರ್ಥಹಳ್ಳಿಲಿ ಬಾಣಂತಿ ಜೀವ ಹೋಗ್ತಾ ಇದೆ."

ರದ್ದು ಮಾಡಿದಳು. ರಕ್ತ ಕೇಳಲು ಬಂದು ಅವಳೊಡನೆ ಮಾತಾಡುತ್ತಾ ನಿಂತಿದ್ದ ಮನುಷ್ಯನೇ ಚೀಲವನ್ನು ತನ್ನ ಕಾರಿನಲ್ಲಿ ತೀರ್ಥಹಳ್ಳಿಗೆ ಒಯ್ದ. ಬಾಣಂತಿ ಉಳಿದಳು.

ಮಾತಾಡಬಾರದೆಂದು ಬೋರ್ಡ್ ಹಾಕಿಸಲು ಹೊರಟರು ಮ್ಯಾನೇಜರು. "ನಮ್ಮೋರು ಮಾತಾಡ್ದೆ ಇರ್ತಾರಾ ಸಾರ್? ಪ್ರೋಗ್ರಾಮೇ ಬದಲಾಯ್ಸನ" ಎಂದರು ಪದ್ಮರಾಜಣ್ಣ. ಅವರು ತಿದ್ದಿದ ಮೇಲೆ ಪುಟ ಎಷ್ಟು ಹೊತ್ತು ತೆರೆದಿದ್ದರೂ ಅದು ಏನನ್ನೂ ಹಿಡಿಯುವುದಿಲ್ಲ. ಸೇವ್ ಒತ್ತಿದಾಗಷ್ಟೇ ಕನೆಕ್ಷನ್ ಹಿಡಿದು, ಬರೆದು, ಬಿಟ್ಟುಬಿಡುತ್ತದೆ.

ಕೆಲವು ವರ್ಷ ಕಳೆದು, ಈ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದ ಪದ್ಮರಾಜಣ್ಣ ಮತ್ತೆ ಏಳಲಿಲ್ಲ. ಆಮೇಲೊಂದು ದಿನ ಒಬ್ಬ ಹೆಂಗಸು ಪುಟ್ಟ ಮಗಳ ಕೈ ಹಿಡಿದು ಆಫೀಸಿಗೆ ಬಂದಳು.

"ತೀರ್ಥಹಳ್ಳಿಲಿ ನಂಗೆ ರಕ್ತ ಸಿಗೋ ಹಂಗೆ ಮಾಡಿದ್ರಲ್ಲ, ಅವ್ರು ಇಲ್ಲೇ ಇದಾರಂತೆ. ಮಗೂನ ತೋರ್ಸನ ಅಂತ ಬಂದೆ."

"ಹೋದ ತಿಂಗಳು ತೀರ್ಕಂಡ್ರು" ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಅವಳು ಮಗಳನ್ನು ನನ್ನ ಪಕ್ಕ ಕೂರಿಸಿ, "ಇವಳನ್ನ ನೋಡ್ಕಳಿ, ರಕ್ತ ಕೊಟ್ಟು ಬರ್ತೀನಿ" ಎಂದು ಒಳಗೆ ಹೋದಳು.