ಮಗಳ ಹೆಸರಿನಲ್ಲಿ ಲೆಕ್ಕ ಮಾಡಿದವನು

ಅವನನ್ನು ಜೊತೆ ಕೆಲಸದವರೆಲ್ಲ ಕರೆಯುವುದು ಚಡಪಡಿ ಎಂದು. ಲಿಫ್ಟ್ ರಿಪೇರಿಯವನಿಗೆ ಮೊದಲು ಇರಬೇಕಾದದ್ದು ತಾಳ್ಮೆ ಅನ್ನುತ್ತಾರೆ. ಅದನ್ನು ಹಂಚಿದ ದಿನ ಇವನು ಸಾಲಿನಲ್ಲಿ ನಿಂತಿರಲಾರದೆ ಬಿಟ್ಟು ಬಂದಿರಬೇಕು. ಕೂತರೆ ಕಾಲು ಕುಣಿಸುತ್ತಾನೆ, ನಿಂತರೆ ಜೇಬಿನಲ್ಲಿರುವ ಬೀಗದ ಕೈಗಳನ್ನು ಝಣಝಣ ಅನ್ನಿಸುತ್ತಾನೆ. ಕೆಲಸದಲ್ಲಿ ಮಾತ್ರ ಅವನಿಗೆ ಸಾಟಿಯಿಲ್ಲ. ಇಪ್ಪತ್ತೆರಡು ಕಟ್ಟಡಗಳ ಲಿಫ್ಟುಗಳು ಅವನ ಪಾಲಿಗಿವೆ. ಯಾವ ಮಹಡಿಯಲ್ಲಾದರೂ ಲಿಫ್ಟಿನ ನೆಲ ಹೊಸ್ತಿಲಿಗಿಂತ ಅರ್ಧ ಇಂಚು ಮೇಲೆ ನಿಂತರೆ ಸಾಕು, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡವನ ಹಾಗೆ ಒದ್ದಾಡುತ್ತಾನೆ. ಅದನ್ನು ಸರಿಮಾಡದೆ ಆ ಕಟ್ಟಡದಿಂದ ಹೊರಗೆ ಕಾಲಿಡುವುದಿಲ್ಲ.

ಇಂಥವನು ಮಗಳಿಗೆ ಮನೆಯಲ್ಲೇ ಪಾಠ ಹೇಳಿಕೊಡುತ್ತೇನೆ ಎಂದು ಹೊರಟಾಗ ಅವನ ಅತ್ತೆ ಒಂದೇ ಮಾತು ಅಂದರು.

"ಅಳಿಯಂದಿರೇ, ಪಾಠ ಹೇಳೋಕೆ ಮುಂಚೆ ಕೂರೋಕೆ ಬರಬೇಕು."

ಆದರೆ ಬೇರೆ ದಾರಿ ಇರಲಿಲ್ಲ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಹುಡುಗಿಯನ್ನು 'ಲೇಟ್ ಗಾಡಿ' ಎಂದು ಕರೆದು ಹಿಂದಿನ ಬೆಂಚಿಗೆ ತಳ್ಳಿದ್ದರು. ಅವಳು ಲೆಕ್ಕ ಬಿಡಿಸುವಷ್ಟರಲ್ಲಿ ಮೇಷ್ಟ್ರು ಬೋರ್ಡು ಒರೆಸಿಬಿಡುತ್ತಿದ್ದರು. ಅಲ್ಲಿಂದ ಶುರುವಾಯಿತು, ಬೆಳಗಾದರೆ ಹೊಟ್ಟೆನೋವು. ಡಾಕ್ಟರು ಒತ್ತಿ ನೋಡಿ, ಹೊಟ್ಟೆಯಲ್ಲೇನೂ ಇಲ್ಲ, ಶಾಲೆಯಲ್ಲಿ ಏನಿದೆ ನೋಡಿ ಎಂದು ಕಳಿಸಿದರು. ಎರಡು ವರ್ಷದ ಹಿಂದೆ ಅವಳನ್ನು ಶಾಲೆ ಬಿಡಿಸಿದರು. ಶಿಕ್ಷಣ ಕಚೇರಿಯವರು ಒಂದೊಂದು ವರ್ಷಕ್ಕೆ ಮಾತ್ರ ಅನುಮತಿ ಕೊಡುತ್ತಾರೆ. ವರ್ಷದ ಕೊನೆಗೆ ಮಗು ಅಧಿಕಾರಿಯ ಮುಂದೆ ಕೂತು ಕಲಿತದ್ದನ್ನು ತೋರಿಸಬೇಕು. ಸಾಲದು ಅನ್ನಿಸಿದರೆ ಮತ್ತೆ ಅದೇ ಶಾಲೆ, ಅದೇ ಬೆಂಚು.

ಹುಡುಗಿಗೆ ಈಗ ಹತ್ತು. ಅಜ್ಜಿ ಅವಳನ್ನು ಚೂಟಿ ಅನ್ನುತ್ತಾರೆ. ಬೆಳಿಗ್ಗೆ ಎಂಟಕ್ಕೆ ಊಟದ ಮೇಜಿನ ಮೇಲೆ ಅಜ್ಜಿಯ ಓದು ಬರಹ, ಒಂಬತ್ತೂವರೆಗೆ ಅಪ್ಪನ ಲೆಕ್ಕ. ಹನ್ನೊಂದರ ಸುಮಾರಿಗೆ ಎಲ್ಲೋ ಒಂದು ಲಿಫ್ಟು ಕೈಕೊಡುತ್ತದೆ, ಅಪ್ಪ ಚೀಲ ಹೆಗಲಿಗೇರಿಸಿ ಓಡುತ್ತಾನೆ. ಆಮೇಲೆ ಅರ್ಧ ಗಂಟೆ ಅವಳೊಬ್ಬಳೇ ಹಳೆಯ ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ಅಭ್ಯಾಸ ಮಾಡುತ್ತಾಳೆ. ಆ ಅಭ್ಯಾಸದ ಪ್ರೋಗ್ರಾಮನ್ನು ಹುಡುಕಿ ತಂದವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅವಳ ಅಮ್ಮ.

"ಪಾಠ ನೀವು ಹೇಳಿಕೊಡಿ, ತಿದ್ದೋದು ಅದಕ್ಕೆ ಬಿಡಿ," ಎಂದಿದ್ದಳು ಗಂಡನಿಗೆ. "ತಪ್ಪಾದ್ರೆ ಅದು ನಿಮ್ಮ ಥರ ಉಸ್ಸಪ್ಪಾ ಅನ್ನಲ್ಲ."

ನಿಜಕ್ಕೂ ಅನ್ನುತ್ತಿರಲಿಲ್ಲ. ತಪ್ಪಾದರೆ 'ಇನ್ನೊಮ್ಮೆ ನೋಡೋಣ' ಎಂದು ಕಾಯುತ್ತಿತ್ತು, ಹತ್ತು ನಿಮಿಷವಾದರೂ ಸರಿ. ಸರಿಯಾದರೆ ಹಳದಿ ಹಕ್ಕಿಯೊಂದು ರೆಕ್ಕೆ ಬಡಿದು 'ಭೇಷ್!' ಅನ್ನುತ್ತಿತ್ತು. ದಿನಕ್ಕೊಮ್ಮೆ ಹತ್ತು ಲೆಕ್ಕ ಮುಗಿಸಿದರೆ ಪರದೆಯ ಮೇಲ್ಗಡೆ ಸರಪಳಿಗೆ ಒಂದು ಕೊಂಡಿ ಸೇರುತ್ತಿತ್ತು. ಒಂದು ದಿನ ತಪ್ಪಿದರೂ ಸರಪಳಿ ತುಂಡು, ಮತ್ತೆ ಒಂದರಿಂದ ಶುರು. ಚೂಟಿ ಮೂರನೇ ಹಂತದಿಂದ ನಾಲ್ಕಕ್ಕೆ ಬರಲು ನಾಲ್ಕು ತಿಂಗಳು ತೆಗೆದುಕೊಂಡಳು. ನಿಧಾನ, ಆದರೆ ಹಾಡು ಗುನುಗಿಕೊಂಡು. ಹೊಟ್ಟೆನೋವು ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ.

ಸರಪಳಿ ನಲವತ್ತೊಂದು ಕೊಂಡಿ ಮುಟ್ಟಿದಾಗ ಅವಳಿಗೆ ಜ್ವರ ಬಂತು. ಹಣೆಗೆ ಒದ್ದೆ ಬಟ್ಟೆ ಹಾಕಿಸಿಕೊಂಡು ಮಲಗಿದ್ದವಳು ಕೆಲಸಕ್ಕೆ ಹೊರಟ ಅಪ್ಪನ ತೋಳು ಹಿಡಿದು, "ಸರಪಳಿ ಹೋಗುತ್ತಪ್ಪಾ," ಅಂದಳು.

ಅಂದು ಅವನಿಗೆ ಒಂಬತ್ತು ಮಹಡಿಯ ಕಟ್ಟಡವೊಂದರ ನೆತ್ತಿಯ ಮೇಲಿನ ಮೆಷಿನ್ ರೂಮಿನಲ್ಲಿ ಕೆಲಸ. ಬ್ರೇಕಿನ ಕಾಯಿಲ್ ಸುಟ್ಟಿತ್ತು, ಹೊಸದು ಬರಲು ಎರಡು ಗಂಟೆ ಬೇಕು. ಎರಡು ಗಂಟೆ ಸುಮ್ಮನೆ ಕೂರುವುದೆಂದರೆ ಚಡಪಡಿಗೆ ಜೈಲೇ ಸರಿ. ಗ್ರೀಸಿನ ಡಬ್ಬದ ಮೇಲೆ ಕೂತು ಫೋನಿನಲ್ಲಿ ಮಗಳ ಪಾಸ್‌ವರ್ಡು ಒತ್ತಿದ. ಹತ್ತು ಲೆಕ್ಕ, ಹತ್ತೂ ಸರಿ. ಹಳದಿ ಹಕ್ಕಿ ರೆಕ್ಕೆ ಬಡಿದು 'ಭೇಷ್!' ಅಂದಿತು. ಸರಪಳಿಗೆ ನಲವತ್ತೆರಡನೇ ಕೊಂಡಿ ಬಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಮನುಷ್ಯ ಹುಟ್ಟಿದಾರಭ್ಯ ಲೆಕ್ಕದ ವಿಷಯದಲ್ಲಿ ಯಾರೂ ಅವನಿಗೆ ಭೇಷ್ ಅಂದವರಲ್ಲ. ಶಾಲೆಯಲ್ಲಿ ಲೆಕ್ಕ ಅವನಿಗೆ ಕಬ್ಬಿಣದ ಕಡಲೆ. ಕಲಿತದ್ದೆಲ್ಲ ಆಮೇಲೆ, ಲಿಫ್ಟಿನ ತೂಕಕ್ಕೆ ಎದುರು ತೂಕ ಕೂಡಿಸುತ್ತಾ, ಹಗ್ಗದ ಉದ್ದ ಅಳೆಯುತ್ತಾ. ಈಗ ನಲವತ್ತರ ಹೊಸ್ತಿಲಲ್ಲಿ ಒಂದು ಹಕ್ಕಿ ತನ್ನನ್ನು ಹೊಗಳುತ್ತಿದೆ! ಮರುದಿನ ಮಗಳ ಜ್ವರ ಇಳಿಯಿತು, ಅವನ ಜ್ವರ ಏರಿತು. ಬಸ್ಸಿಗೆ ಕಾಯುವಾಗ ಹತ್ತು ಲೆಕ್ಕ. ಕಾವಲುಗಾರ ಕೀಲಿ ತರುವಷ್ಟರಲ್ಲಿ ಇನ್ನು ಹತ್ತು. ಮಗಳಿಗೇ ಸಹಾಯ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಬೆಕ್ಕೂ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಹೀಗೇ ಏನಾದರೂ ಹೇಳಿಕೊಳ್ಳುತ್ತದೆ.

ಆ ಪ್ರೋಗ್ರಾಮಿಗೆ ಒಂದು ಗುಣವಿತ್ತು. ಸರಿ ಉತ್ತರ ಸಾಲಾಗಿ ಬಂದರೆ, ಮಗು ಕಲಿತಾಯಿತು ಎಂದು ಮುಂದಿನ ಹಂತದ ಲೆಕ್ಕ ಕೊಡುತ್ತದೆ. ವಾರದೊಳಗೆ ಅದು ಐದನೇ ಹಂತಕ್ಕೆ ಹೋಯಿತು, ಅಲ್ಲಿಂದ ಆರು. ಮೇಜಿನ ಮುಂದೆ ಕೂತ ಚೂಟಿಗೆ ತಾನು ಕಂಡು ಕೇಳರಿಯದ ಶೇಕಡಾ ಲೆಕ್ಕಗಳು, ಅನುಪಾತಗಳು. ಹತ್ತರಲ್ಲಿ ಒಂಬತ್ತು ತಪ್ಪು. ಲಿಫ್ಟಿನ ನೆತ್ತಿಯ ಮೇಲೆ ಕೂತ ಅಪ್ಪ ಫೋನಿನಲ್ಲಿ ಆ ಕೆಂಪು ಗುರುತುಗಳನ್ನು ನೋಡಿ ಒದ್ದಾಡಿದ. ಅಧಿಕಾರಿ ಇದನ್ನೆಲ್ಲ ನೋಡುತ್ತಾರಲ್ಲ! ಕೆಂಪು ಮುಚ್ಚಲು ಇಪ್ಪತ್ತು ಹಸಿರು ಸೇರಿಸಿದ. ಮರುದಿನ ಲೆಕ್ಕ ಏಳನೇ ಹಂತಕ್ಕೆ ಹೋಗಿ ಇನ್ನೂ ಕಷ್ಟವಾಯಿತು, ಕೆಂಪು ಇನ್ನೂ ಹೆಚ್ಚಿತು, ಅವನು ಇನ್ನೂ ಹಸಿರು ಬಳಿದ. ಯಂತ್ರಗಳ ಜೊತೆಗೇ ಹದಿನೆಂಟು ವರ್ಷ ಕಳೆದವನಿಗೆ ಎಲ್ಲಿಂದ ಎಲ್ಲಿಗೆ ತಂತಿ ಹೋಗಿದೆ ಎಂದು ನೋಡುವ ಬುದ್ಧಿ ಬರಲಿಲ್ಲ. ಅವಸರದವನ ಕಣ್ಣಿಗೆ ಕಂಡದ್ದು ಕೆಂಪು ಮಾತ್ರ.

ಮನೆಯಲ್ಲಿ ಗುನುಗು ನಿಂತಿತು. ಚೂಟಿ ಹಾಳೆ ಹರಿಯುವವರೆಗೆ ರಬ್ಬರಿನಿಂದ ಉಜ್ಜತೊಡಗಿದಳು. ಒಂದು ಸಂಜೆ ಅಮ್ಮ ಪುಟ ತೆರೆದು ನೋಡಿ ಬೆರಗಾದಳು.

"ಮಧ್ಯಾಹ್ನ ಇಪ್ಪತ್ತಕ್ಕೆ ಇಪ್ಪತ್ತು ಮಾಡಿದೀಯ. ಅದಕ್ಕೆ ಮುಂಚೆ ಹತ್ತರಲ್ಲಿ ಒಂದೂ ಇಲ್ಲ. ಇದೇನೇ ಆಟ? ಮನಸಿದ್ರೆ ಮಾಡೋದು, ಇಲ್ದಿದ್ರೆ ಬಿಡೋದಾ?"

ಹುಡುಗಿ ತಲೆ ತಗ್ಗಿಸಿದಳು. ಅಪ್ಪ ಬಾಯಿ ತೆರೆಯಬಹುದಾಗಿದ್ದ ಹೊತ್ತು ಅದು. ಅವನು ಎದ್ದು ಹೋಗಿ ಲೋಟಕ್ಕೆ ನೀರು ಬಗ್ಗಿಸಿಕೊಂಡ, ಬಾಯಾರಿಕೆ ಇರಲಿಲ್ಲ. ಮರುದಿನ ಬೆಳಿಗ್ಗೆ ಹೊಟ್ಟೆನೋವು ವಾಪಸು ಬಂತು. ಅಜ್ಜಿ "ಬಾರೇ ಚೂಟಿ" ಎಂದಾಗ, "ಹಾಗೆ ಕರೀಬೇಡಿ ನನ್ನ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಧಿಕಾರಿಯ ಮುಂದೆ ಕೂರಲು ಇನ್ನು ಮೂರು ವಾರ ಉಳಿದಿತ್ತು.

ಎರಡು ದಿನ ಬಿಟ್ಟು ಮಧ್ಯಾಹ್ನ ಅವನು ಬೇಗ ಮನೆಗೆ ಬಂದ. ಅತ್ತೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡೇ ಅದನ್ನು ಮನೆಯೆಲ್ಲ ಹುಡುಕುತ್ತಿದ್ದರು. ಮಗಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ಕೆಳಗೆ ಕೂತಿದ್ದಳು. ಅವನು ಪಕ್ಕದಲ್ಲಿ ಕೂತ, ಕಾಲು ಕುಣಿಯತೊಡಗಿತು.

"ಅಪ್ಪಾ, ಮರೆವು ಅನ್ನೋದು ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಾ?"

"ಎಲ್ಲಾದರೂ ಉಂಟಾ? ಯಾಕೆ?"

ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ತೋರಿಸಿದಳು. ಉದ್ದಕ್ಕೆ ಒಂದು ಪಟ್ಟಿ, ತಿದ್ದಿ ಬರೆದ ಅಕ್ಷರಗಳಲ್ಲಿ.

"ಮಂಗಳವಾರ ಹನ್ನೆರಡೂ ಮುಕ್ಕಾಲು, ಇಪ್ಪತ್ತು ಲೆಕ್ಕ, ಎಲ್ಲ ಸರಿ. ಬುಧವಾರ ಎರಡು ಗಂಟೆ, ಹತ್ತು, ಎಲ್ಲ ಸರಿ. ಎಲ್ಲ ನನ್ನ ಹೆಸರಲ್ಲೇ ಇದೆ. ನಾನೇ ಮಾಡಿರೋದು." ಅವಳ ದನಿ ಸಣ್ಣದಾಯಿತು. "ಆದ್ರೆ ಮಾಡಿದ್ದು ನಂಗೆ ನೆನಪೇ ಇಲ್ಲಪ್ಪಾ. ಒಂದೂ ನೆನಪಿಲ್ಲ. ನನ್ನ ತಲೆ ಕೆಡ್ತಾ ಇದೆ ಅನ್ಸುತ್ತೆ. ಅಮ್ಮಂಗೆ ಹೇಳ್ಬೇಡ, ಅಳ್ತಾಳೆ."

ಕುಣಿಯುತ್ತಿದ್ದ ಕಾಲು ತಾನಾಗಿ ನಿಂತಿತು. ತಾನು ದಡ್ಡಿ ಎಂದು ಬೇಸರಪಟ್ಟಿದ್ದಾಳೆ ಅಂದುಕೊಂಡಿದ್ದ, ಅಷ್ಟನ್ನು ಹೇಗೋ ಸರಿಮಾಡಬಹುದಿತ್ತು. ಇವಳು ಒಬ್ಬಳೇ ಕೂತು, ಬುದ್ಧಿ ಹೋಗುವ ಮೊದಲು ಬರೆದಿಟ್ಟುಕೊಳ್ಳೋಣ ಎಂದು ಪಟ್ಟಿ ಮಾಡಿದ್ದಳು.

"ನೆನಪಿಲ್ಲದೆ ಇರೋದು ಯಾಕೆ ಅಂದ್ರೆ," ಅಂದ ಅವನು. "ನೀನು ಅದನ್ನ ಮಾಡಿಲ್ಲ ಕಣೇ. ನಾನು ಮಾಡಿದ್ದು."

"ಯಾವುದನ್ನ?"

"ಆ ಪಟ್ಟಿಯಲ್ಲಿರೋದನ್ನೆಲ್ಲ. ಫೋನಲ್ಲಿ, ಕೆಲಸದ ಮಧ್ಯೆ. ಮೊದಲನೇ ದಿನ ನಿನ್ನ ಸರಪಳಿಗೋಸ್ಕರ."

"ಆಮೇಲೆ?"

"ಅದು ಭೇಷ್ ಅಂತಿತ್ತು," ಅಂದ.

ಅವಳು ನೋಟ್‌ಬುಕ್ಕನ್ನು ಮಡಚಿ ಅವನ ಭುಜಕ್ಕೆ ಒಂದು ಬಿಟ್ಟಳು. ಇನ್ನೊಂದು ಬಿಟ್ಟಳು. ಮೂರನೆಯದಕ್ಕೆ ಅಳು ಒತ್ತರಿಸಿ ಬಂತು. ಅಳುತ್ತಲೇ ಕೇಳಿದಳು, "ಹಾಗಾದ್ರೆ ನನ್ನ ತಲೆ ಸರಿ ಇದೆಯಾ?"

"ನಿಂದು ಸರಿ ಇದೆ ತಾಯಿ. ಕೆಟ್ಟಿರೋದು ನಂದು."

ಯಾರು ಗುಂಡಿ ಒತ್ತಿದರು ಎಂದು ಲಿಫ್ಟು ಕೇಳುವುದಿಲ್ಲ, ಒತ್ತಿದ ಮಹಡಿಗೆ ಹೋಗಿ ನಿಲ್ಲುತ್ತದೆ. ಈ ಮಾತನ್ನು ಅವನು ಕಟ್ಟಡಗಳ ಜನಕ್ಕೆ ಸಾವಿರ ಸಲ ಹೇಳಿದ್ದ. ತಾನೇ ಆರಕ್ಕೂ ಏಳಕ್ಕೂ ಒತ್ತಿ ಕೂಸನ್ನು ಅಲ್ಲಿ ಇಳಿಸಿ ಬಂದದ್ದು ಈಗ ಹೊಳೆಯಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಮೊಮ್ಮಗಳನ್ನು ಒಳಗೆ ಕರೆದುಕೊಂಡು ಹೋದರು. ಸಂಜೆ ವಿಷಯ ತಿಳಿದ ಹೆಂಡತಿ ಎರಡು ದಿನ ಅವನ ಪ್ರಶ್ನೆಗಳಿಗೆ ಗೋಡೆ ನೋಡಿಕೊಂಡು ಉತ್ತರ ಕೊಟ್ಟಳು. ಮಗಳ ಮುಂದೆ ಮಾತ್ರ ಮಂಡಿಯೂರಿ, "ಆವತ್ತು ಸುಮ್ಮನೆ ಬೈದೆ ಕಣೇ," ಎಂದು ಕೈ ಹಿಡಿದುಕೊಂಡಳು.

ಚೂಟಿ ಪಾಸ್‌ವರ್ಡು ಬದಲಾಯಿಸಿದಳು, ಯಾರಿಗೂ ಹೇಳಲಿಲ್ಲ. ಹಂತವನ್ನು ನಾಲ್ಕಕ್ಕೆ ಇಳಿಸಿಕೊಂಡಳು. ಹಂತ ಇಳಿಸಿದ್ದಕ್ಕೆ ಸರಪಳಿಯೂ ಒಂದರಿಂದ ಶುರುವಾಯಿತು. ಆದರೆ ಹಳೆಯ ಗುರುತುಗಳನ್ನು ಅಳಿಸಲು ಬರುವುದಿಲ್ಲ ಎಂದು ಪ್ರೋಗ್ರಾಮಿನವರು ಉತ್ತರ ಬರೆದರು. ಪುಟದಲ್ಲಿ ಒಂದು ಗೆರೆ ಏಳನೇ ಹಂತದವರೆಗೆ ನೆಟ್ಟಗೆ ಹತ್ತಿ ಧೊಪ್ಪನೆ ನಾಲ್ಕಕ್ಕೆ ಬಿದ್ದಿತ್ತು. ಮಗಳು ಪುಟ ತೆರೆದಾಗಲೆಲ್ಲ ಚಡಪಡಿಯ ಕಣ್ಣು ಆ ಗೆರೆಗೇ ಹೋಗುತ್ತಿತ್ತು. ಕೊನೆಗೊಂದು ಉಪಾಯ ಹೂಡಿದ.

"ಕೇಳಿದ್ರೆ ಜ್ವರ ಬಂದಿತ್ತು ಅಂದ್ಬಿಡೋಣ," ಅಂದ ಹೆಂಡತಿಯೊಡನೆ. "ಜ್ವರ ಬಂದಿದ್ದು ಸುಳ್ಳೇನಲ್ಲವಲ್ಲ. ಮಕ್ಕಳು ಜ್ವರದಲ್ಲಿ ಕಲಿತಿದ್ದು ಮರೀತಾರೆ."

"ಅವಳು ಯಾವುದಕ್ಕೆ ಹೆದರಿದ್ಲೋ ಅದನ್ನೇ ಹೇಳ್ತೀರಾ?" ಅಂದಳು ಹೆಂಡತಿ. ಆದರೂ ಅಧಿಕಾರಿ ಕರೆದ ದಿನ ಅವನು ಸುಳ್ಳನ್ನು ಜೇಬಿನಲ್ಲಿಟ್ಟುಕೊಂಡೇ ಹೋದ.

ಶಿಕ್ಷಣ ಕಚೇರಿಯ ಕೋಣೆಯಲ್ಲಿ ಒಂದು ಮೇಜು, ಕಡತಗಳು ತುಂಬಿದ ಎರಡು ಬೀರು, ಮೂರು ಕುರ್ಚಿ. ಅಧಿಕಾರಿ ಐವತ್ತು ದಾಟಿದ ಹೆಂಗಸು. ಓದಿಸಿದರು, ಬರೆಸಿದರು, ಅದೆಲ್ಲ ಸಲೀಸಾಗಿ ಆಯಿತು. ಆಮೇಲೆ ಅಭ್ಯಾಸದ ಪುಟಗಳನ್ನು ತಿರುವಿ, ಆ ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟರು.

"ಇದೇನಿದು? ಹೋದ ತಿಂಗಳು ಏಳನೇ ಹಂತ, ಈಗ ನಾಲ್ಕು. ಮಗು ಹಿಂದೆ ಬಿದ್ದಿದೆಯಲ್ಲ?"

"ಅದು ಮೇಡಂ, ಜ್ವರ..." ಎಂದು ಅಪ್ಪ ಶುರುಮಾಡಿದ.

"ಏಳು ಅಪ್ಪಂದು ಮೇಡಂ," ಅಂದಳು ಚೂಟಿ. "ನಾಲ್ಕು ನಂದು."

ಅಧಿಕಾರಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು ಅವನಿಗೆ. ಅವಮಾನದ ಜೊತೆಗೇ, ಈ ಪುಟ್ಟ ಜೀವ ಇಷ್ಟು ನೆಟ್ಟಗೆ ಕೂತು ಮಾತಾಡುವುದನ್ನು ಯಾವಾಗ ಕಲಿಯಿತು ಎಂದು ಕಣ್ಣು ತುಂಬಿ ಬಂತು.

"ಸರಿ, ಅಪ್ಪಂದು ಇವತ್ತು ಬೇಡ," ಎಂದರು ಅಧಿಕಾರಿ. ಒಂದು ಬಿಳಿ ಹಾಳೆ ಅವಳ ಮುಂದಿಟ್ಟರು. "ಒಂದು ತೊಟ್ಟಿಯಲ್ಲಿ ಮುಕ್ಕಾಲು ಭಾಗ ನೀರಿದೆ. ಆ ನೀರಿನಲ್ಲಿ ಅರ್ಧ ಖರ್ಚಾಯ್ತು. ತೊಟ್ಟಿಯ ಎಷ್ಟು ಭಾಗ ನೀರು ಉಳೀತು?"

"ಸ್ವಲ್ಪ ಹೊತ್ತು ಬೇಕು ನಂಗೆ."

"ತಗೋ."

ಉತ್ತರ ಅಪ್ಪನ ನಾಲಿಗೆಯ ತುದಿಗೆ ಬಂದು ಕೂತಿತು. ಅವನು ತುಟಿ ಕಚ್ಚಿಕೊಂಡ. ಚೂಟಿ ತೊಟ್ಟಿಯ ಚಿತ್ರ ಬರೆದಳು, ನಾಲ್ಕು ಪಾಲು ಮಾಡಿದಳು, ತಪ್ಪಿತೆಂದು ಹೊಡೆದುಹಾಕಿದಳು. ಮತ್ತೊಂದು ತೊಟ್ಟಿ ಬರೆದು ಎಂಟು ಪಾಲು ಮಾಡಿದಳು. ಹೊರಗೆ ಯಾರದೋ ಸರದಿ ಕೂಗಿದರು. ಗಡಿಯಾರದಲ್ಲಿ ಒಂಬತ್ತು ನಿಮಿಷ ಸರಿದಿತ್ತು, ಕೋಣೆಯಲ್ಲಿ ಯಾರೂ ಉಸ್ಸಪ್ಪಾ ಅನ್ನಲಿಲ್ಲ. ಅವಳು ಪಾಲುಗಳ ಮೇಲೆ ಬೆರಳಿಟ್ಟು ಇನ್ನೊಂದು ಸಲ ಎಣಿಸಿ, ಎಂಟರಲ್ಲಿ ಮೂರು ಎಂದು ಬರೆದು, ಅಪ್ಪನ ಮುಖ ನೋಡದೆ ಹಾಳೆಯನ್ನು ಅಧಿಕಾರಿಯ ಕಡೆ ತಿರುಗಿಸಿದಳು.

"ಸರಿ ಇದೆ," ಅಂದರು ಅಧಿಕಾರಿ.

"ಗೊತ್ತು ಮೇಡಂ," ಅಂದಳು ಚೂಟಿ.