ಹರ್ಪ ಅಲ್ಲ, ಸರ್ಪ

ನನ್ನ ನೆನಪಿನಲ್ಲಿ ಅವ್ವನ ಹೆಬ್ಬೆರಳು ಸದಾ ಕೆಂಪು. ಬಲಗೈಯದೋ ಎಡಗೈಯದೋ, ಈಗ ಖಚಿತವಿಲ್ಲ; ಬರೆಯುತ್ತ ಹೋದಂತೆ ಇನ್ನೂ ಕೆಲವು ವಿವರಗಳು ತಪ್ಪಬಹುದು. ಬಣ್ಣ ಮಾತ್ರ ತಪ್ಪಿಲ್ಲ.

ಅವ್ವ ನನ್ನ ಗಂಡ ಮುರಳಿಯ ಅಜ್ಜಿ. ಶ್ರೀನಿವಾಸಪುರದ ಅವರ ಬೀದಿಯಲ್ಲಿ ಯಾರಿಗೆ ಸರ್ಪಸುತ್ತು ಎದ್ದರೂ ಅವರ ಬಳಿ ಬರುತ್ತಿದ್ದರು. ಅವ್ವ ಕೆಮ್ಮಣ್ಣು ಕಲಸಿ, ಗುಳ್ಳೆಗಳ ಸುತ್ತ ಹಾವು ಬರೆದು, "ತಲೆ ಬಾಲ ಸೇರೋಕೆ ಬಿಡಲ್ಲ, ಹೋಗು" ಎಂದು ಕಳಿಸುತ್ತಿದ್ದರು. ಅವರ ಹಾವುಗಳು ಹೆಚ್ಚಾಗಿ ಹಲ್ಲಿಯಂತೆ ಕಾಣುತ್ತಿದ್ದವು.

ತೊಂಬತ್ತರ ದಶಕದ ಕೊನೆ. ಮದುವೆಯಾಗಿ ಕೆಲವೇ ವಾರಗಳಾಗಿದ್ದವು. ಹೇಳಿಕೊಳ್ಳಲಾಗದ ಜಾಗದಲ್ಲಿ ನನಗೆ ಗುಳ್ಳೆಗಳೆದ್ದವು. ಕೋಲಾರದ ಡಾಕ್ಟರಮ್ಮ ಹರ್ಪಿಸ್, ಮೈ ಕೂಡಿದಾಗ ಅಂಟುವ ರೋಗ ಎಂದು ಹೇಳಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ನನ್ನದು ಪಾಸಿಟಿವ್, ಮುರಳಿಯದು ನೆಗೆಟಿವ್.

ಡಾಕ್ಟರಮ್ಮ ಬಿಡಿಸಿಯೇ ಹೇಳಿದರು. ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯವನ್ನು. ಅದು ತಯಾರಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ನನ್ನದು ಚಿಕ್ಕಂದಿನ ಬಾಯಿಹುಣ್ಣಿನದೂ ಆಗಿರಬಹುದು. ಯಾವಾಗ, ಯಾರಿಂದ ಎಂಬುದನ್ನು ಕಾಗದ ಹೇಳದು. ಮುರಳಿ ಮೂರ್ನಾಲ್ಕು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು. ಅವನು ಎಲ್ಲಕ್ಕೂ ತಲೆಯಾಡಿಸಿದ. ಕೇಳಿಸಿಕೊಂಡದ್ದು ಮಾತ್ರ 'ನೆಗೆಟಿವ್' ಒಂದನ್ನೇ.

"ನಂಗಿಲ್ಲ. ನಿಂಗೆಲ್ಲಿಂದ ಬಂತು?" ಬಸ್ಸಿನಲ್ಲಿ ಅವನು ಆಡಿದ ಒಂದೇ ಮಾತು.

ಮನೆಯಲ್ಲಿ ಅತ್ತೆ, "ಏನಂದ್ರು ಡಾಕ್ಟ್ರು?" ಎಂದರು.

"ಹರ್ಪಿಸ್ ಅಂತೆ. ಇವಳಿಗೆ ಮಾತ್ರ," ಎಂದ ಮುರಳಿ.

"ಹಂಗಂದ್ರೆ?" ಎಂದು ಅತ್ತೆ ಹುಬ್ಬೇರಿಸುವಷ್ಟರಲ್ಲಿ ಅವ್ವ ಎದ್ದೇಬಿಟ್ಟರು.

"ಹರ್ಪ ಅಲ್ಲ ಕಣೋ, ಸರ್ಪ! ಓದಿದೋರಿಗೆ ನಾಲ್ಗೇನೇ ತಿರುಗಲ್ಲ. ಬಾರೇ ಅಮ್ಮಾಯಿ, ಎಲ್ಲಿ ತೋರ್ಸು."

ಎಲ್ಲಿ ಅಂತ ತೋರಿಸುವುದು? ಸೊಂಟ ಮುಟ್ಟಿಕೊಂಡೆ. ಅವ್ವ ಅಲ್ಲಿಯೇ ತಮ್ಮ ಹಲ್ಲಿಯನ್ನು ಬರೆದರು. "ವಾಸಿ ಆಗೋವರ್ಗೂ ಗಂಡ ಹೆಂಡ್ತಿ ಬೇರೆ ಮಲಗ್ಬೇಕು. ಲೇ ಮುರಳಿ, ನೀನೂ ಅಂಗಿ ಬಿಚ್ಚು."

"ನಂಗಿಲ್ಲ ಅವ್ವಾ. ರಿಪೋರ್ಟಲ್ಲೇ ಬಂದಿದೆ."

"ಹಾವು ಹುತ್ತದೊಳಗಿದ್ರೆ ನಿನ್ ರಿಪೋರ್ಟಿಗೆ ಕಾಣ್ತದೇನೋ? ಬಿಚ್ಚೋ!"

ಮುರಳಿಯ ಬೆನ್ನ ಮೇಲೂ ಹಲ್ಲಿ ಹರಿಯಿತು. ಅತ್ತೆ ನಗು ತಡೆಯಲಾರದೆ ಒಳಗೆ ಹೋದರು. ಹೊಸ ಸೊಸೆಗೆ ಸರ್ಪಸುತ್ತು ಎಂದು ಬೀದಿಗೆಲ್ಲ ಸುದ್ದಿಯಾಯಿತು. ಯಾರೂ ಬೇರೇನೂ ಕೇಳಲಿಲ್ಲ. ಗುಳ್ಳೆ ಡಾಕ್ಟರಮ್ಮನ ಮಾತ್ರೆಯಿಂದ ಒಣಗಿತು, ಹೆಸರು ಅವ್ವನಿಗೆ ಬಂತು.

ಮಾವಿನ ಕಾಲಕ್ಕೆ ಎರಡನೆಯ ಪರೀಕ್ಷೆ. ಮುರಳಿಗೂ ಪಾಸಿಟಿವ್.

"ಹಾಗಾದ್ರೆ ಯಾರಿಂದ ಯಾರಿಗೆ, ಮೇಡಂ?"

"ಅದು ಈ ಕಾಗದಕ್ಕೂ ಗೊತ್ತಿಲ್ಲಪ್ಪ."

ವಾಪಸು ಬರುವಾಗ ಬಸ್ಸಿನಲ್ಲಿ ಅವನು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಅವನಿಗೆ ಕ್ಷಮೆ ಕೇಳಲು ಗೊತ್ತಿದ್ದದ್ದೇ ಅಷ್ಟು.

ಕೆಲವು ವರ್ಷಗಳ ನಂತರ ಅವ್ವನನ್ನು ಕೊನೆಯ ಸಲ ಕಂಡದ್ದು ರಾಯಲ್ಪಾಡಿನಲ್ಲಿ, ಅವರ ಮಗಳ ಮನೆಯ ಜಗಲಿಯ ಮೇಲೆ. ಕನ್ನಡಕವಿಲ್ಲದೆ ಅಕ್ಕಿ ಆರಿಸುತ್ತಿದ್ದರು. ಒಂದು ಕಲ್ಲೂ ಅವರ ಕಣ್ಣು ತಪ್ಪಿಸಲಿಲ್ಲ. ಅದನ್ನು ನೋಡುತ್ತ ಒಂದು ಪ್ರಶ್ನೆ ಕೇಳಿದೆ. ಅವ್ವ ಕಲ್ಲೊಂದನ್ನು ಅಂಗಳಕ್ಕೆ ಎಸೆದು, ಮೊರವನ್ನು ಆ ಕಡೆಗೆ ತಿರುಗಿಸಿಕೊಂಡರು. ಆ ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟರು.

ನಾನು ಕೇಳಿದ್ದು ಇಷ್ಟೇ: "ಅವ್ವಾ, ಅವತ್ತು ನನ್ನ ಸೊಂಟದ ಮೇಲೆ ಒಂದು ಗುಳ್ಳೆನೂ ಇರ್ಲಿಲ್ಲ ಅಲ್ವಾ. ಮತ್ಯಾಕೆ ಹಚ್ಚಿದ್ರಿ?"