ರಂಗೋಲಿಯಲ್ಲಿ ಎದ್ದ ಖಾನಾವಳಿ

ಮೊನ್ನೆ ಹಳಿಯಾಳದ ಪೇಟೆಯಲ್ಲಿ ಒಂದು ಅಂಗಡಿಯನ್ನು ಹೊಸದು ಮಾಡುತ್ತಿದ್ದರು. ಹಸಿ ಸಿಮೆಂಟಿನ ವಾಸನೆ, ಅದರ ಬೆನ್ನಿಗೇ ಯಾರದೋ ಮನೆಯಿಂದ ಗುರೆಳ್ಳು ಹುರಿಯುವ ಘಮ. ಈ ಎರಡೂ ಹಿಂದೊಮ್ಮೆ ಹೀಗೇ ಒಟ್ಟಿಗೆ ಬಂದಿದ್ದವು... ದಾಂಡೇಲಿಯಲ್ಲಿ, ನನಗೆ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಕಾಕು ತನ್ನ ಖಾನಾವಳಿಯ ದುರಸ್ತಿಗೆ ಕೈ ಹಚ್ಚಿದಾಗ.

ಬಂಗೂರನಗರದ ರಸ್ತೆಗೆ ಹೊಂದಿಕೊಂಡಿದ್ದ ಖಾನಾವಳಿ ಅದು. ಕಾಗದದ ಕಾರ್ಖಾನೆಯ ಪಾಳಿ ಬಿಟ್ಟ ಕೂಡಲೇ ಕೆಲಸಗಾರರು ಗುಂಪಾಗಿ ಬಂದು, ಚಪ್ಪಲಿ ಹೊರಗೆ ಕಳಚಿ, ಬೆಂಚು ಹಿಡಿಯುತ್ತಿದ್ದರು. ಚಪ್ಪಲಿ ಮೆಟ್ಟಿಕೊಂಡು ರೊಟ್ಟಿ ಮುಟ್ಟುವಂತಿಲ್ಲ. ಅದು ಕಾಕುವಿನ ಕಾನೂನು. ಗಂಡ ತೀರಿದ್ದ, ಮಗ ಇನ್ನೂ ಶಾಲೆಯಲ್ಲಿದ್ದ; ಆಕೆಗಿದ್ದ ಆಸರೆ ಆ ಖಾನಾವಳಿಯೊಂದೇ. ಛಾವಣಿ ಸೋರುತ್ತಿತ್ತು, ಗೋಡೆ ಉದುರುತ್ತಿತ್ತು, ದುರಸ್ತಿ ಆಗಲೇಬೇಕಿತ್ತು. ಆದರೆ ದುರಸ್ತಿಯೇ ಎಡವಟ್ಟಾದರೆ? ಒಮ್ಮೆ ಕಾದು ಬೇಸತ್ತು ಬೇರೆ ಕಡೆ ಉಂಡವರು ಮತ್ತೆ ಬರುತ್ತಾರೆಂಬ ಭರವಸೆ ಏನು?

"ಚರ್ಚಾ ಸ್ಪರ್ಧೇದಾಗ ಕಪ್ ಹೊತಗೊಂಡು ಬರ್ತಿ ಅಲ್ಲ ವಕೀಲಬಾಯಿ, ಬಾ. ಆ ಕಾಂಟ್ರ್ಯಾಕ್ಟರ್ ಬಾಯಿಗೆ ನೀನೇ ಸರಿ," ಎಂದಳು ಕಾಕು. ಆಗ ಕಾಲೇಜಿನಲ್ಲಿದ್ದೆ, ಯಾರು ಏನೇ ಹೇಳಲಿ, ಅನುಮಾನಿಸುವುದು ನನ್ನ ಚಟ. ಕುಣಿಯುತ್ತಲೇ ಹೋದೆ.

ಗುತ್ತಿಗೆದಾರ ಭಾರೀ ಉತ್ಸಾಹಿ. ನದಿಯಲ್ಲಿ ರಾಫ್ಟಿಂಗಿಗೆ ಬರುವವರನ್ನೆಲ್ಲ ಆಗಲೇ ಮನಸ್ಸಿನಲ್ಲಿ ಒಳಗೆ ಕೂರಿಸಿಬಿಟ್ಟಿದ್ದ. "ಮುಂದ ಪೂರಾ ಗಾಜು ಹಾಕೂಣು ಕಾಕು. ಎಸಿ ಕೂಡ್ರಸೂಣು. ಟೂರಿಸ್ಟ್ ಮಂದಿ ಲೈನ್ ಹಚ್ಚತಾರ!"

"ಶನಿವಾರ, ರವಿವಾರ ಹಚ್ಚತಾರ್ರಿ. ಸೋಮವಾರ ಯಾರ್ ಬರ್ತಾರ?" ಎಂದೆ ನಾನು. "ಮೈತುಂಬ ಧೂಳ ಹೊತಗೊಂಡು ಬಂದ ಮನಷ್ಯಾ ಆ ಗಾಜಿನ ಬಾಗಲಾ ಮುಟ್ಟತಾನೇನು?"

ಗಾಜಿನ ಮಾತು ಅಲ್ಲಿಗೇ ಬಿತ್ತು. ಅವನ ಇನ್ನೊಂದು ಯೋಜನೆ ಮಾತ್ರ ನನಗೂ ಹಿಡಿಸಿತು: ಮುಂದಿನ ಬಾಗಿಲಿನಿಂದ ಒಳಗೆ, ಉಂಡು ಹಿಂದೆ ಕೈತೊಳೆಯುವುದು, ಹೊರಗೆ ಹೋಗಲು ಪಕ್ಕದ ಗೋಡೆ ಒಡೆದು ಹೊಸ ಬಾಗಿಲು. ಬರುವವರು, ಹೋಗುವವರು ಡಿಕ್ಕಿಯಾಗುವುದಿಲ್ಲ. ತರ್ಕದಲ್ಲಿ ಒಂದೂ ಬಿರುಕಿಲ್ಲ. ಕಾಕುವೂ ಒಪ್ಪಿದಳು. ಆದರೂ ಚಟ ಬಿಡಬೇಕಲ್ಲ... "ಗ್ವಾಡಿ ಒಡಿಯೂಕಿಂತ ಮೊದಲ ಒಂದ್ ಪರೀಕ್ಷಾ ಮಾಡೂಣು," ಎಂದೆ.

"ಗ್ವಾಡಿಗೆ ಎಂಥಾ ಪರೀಕ್ಷಾ? ಪೇಪರ್ ಬರಸ್ತೀಯೇನು?" ಗುತ್ತಿಗೆದಾರ ನಕ್ಕ.

ಕಾಕು ನಗಲಿಲ್ಲ. ಒಳಗೆ ಹೋಗಿ ರಂಗೋಲಿ ಡಬ್ಬಿ ತಂದಳು. ಎದುರಿನ ಬಯಲಿನಲ್ಲಿ, ಮರದ ನೆರಳಿಗೆ, ಮೂವರೂ ಸೇರಿ ಹೊಸ ಖಾನಾವಳಿಯನ್ನು ಅಳತೆಗೆ ಸರಿಯಾಗಿ ಬರೆದೆವು: ಗೋಡೆ, ಬಾಗಿಲು, ಒಲೆ. ಬೆಂಚುಗಳನ್ನು ಗೆರೆಯೊಳಗೆ ಇಟ್ಟೆವು. ಅಷ್ಟರಲ್ಲಿ ಪಾಳಿ ಬಿಟ್ಟಿತು.

"ಗೆರಿ ದಾಟಬ್ಯಾಡ್ರಿ! ದಾಟಿದವ್ರಿಗೆ ಪಲ್ಯಾ ಇಲ್ಲ!" ಎಂದು ಕಾಕು ಕೂಗಿದಳು. ಕೆಲಸಗಾರರು ಹೋ ಎಂದು ನಗುತ್ತ, ಇಲ್ಲದ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು, ಇಲ್ಲದ ಚೌಕಟ್ಟಿಗೆ ತಲೆ ಬಗ್ಗಿಸಿ ಒಳಗೆ ಬಂದರು. ಗುತ್ತಿಗೆದಾರ ತಾನೇ ಬಡಿಸಲು ನಿಂತ. ನಾನು ಫೈನಲ್ಲಿನ ತೀರ್ಪಿಗೆ ಕಾಯುವವಳಂತೆ ಗೆರೆಯ ಅಂಚಿನಲ್ಲಿ ನಿಂತೆ.

ಉಂಡವರು ಕೈತೊಳೆದರು. ಪಕ್ಕದ ಬಾಗಿಲಿನಿಂದ ಹೊರಬಿದ್ದರು... ಬರಿಗಾಲಲ್ಲಿ! ಚಪ್ಪಲಿಗಳೆಲ್ಲ ಮುಂದಿನ ಬಾಗಿಲಲ್ಲಿ. ಗೆರೆಯ ಹೊರಗೆ ಬಿಸಿಲಿಗೆ ಸುಡುವ ಜಲ್ಲಿಕಲ್ಲು, ಸುತ್ತಿ ಬರುವವರು ಯಾರು? ಮೊದಲನೆಯವನು ತಿರುಗಿ ಒಳಹೊಕ್ಕ, ಉಳಿದವರು ಅವನ ಹಿಂದೆ. ಎದುರಿನಿಂದ ಎರಡನೆಯ ಗುಂಪು. ನಡುವೆ ಸಾರಿನ ಬಕೆಟ್ ಹಿಡಿದ ಗುತ್ತಿಗೆದಾರ. ಅವನ ಇಸ್ತ್ರಿ ಅಂಗಿ ಕ್ಷಣದಲ್ಲಿ ಕೆಂಪಾಯಿತು!

"ವಕೀಲಬಾಯಿ, ನಿನ್ನ ತರ್ಕಕ್ಕ ಚಪ್ಪಲಿ ಹಾಕೂದ್ ಮರತಿ ನೋಡು!" ಕಾಕು ಹೊಟ್ಟೆ ಹಿಡಿದು ನಕ್ಕಳು. ಗುತ್ತಿಗೆದಾರನೂ ನಗುತ್ತ ಮೊಣಕಾಲೂರಿ, ಅಂಗೈಯಿಂದ ಆ ಬಾಗಿಲನ್ನು ಅಳಿಸಿದ. "ಒಂದ ಬಾಗಲಾ ಸಾಕು. ಅಗಲ ಮಾಡೂಣು. ಕೈ ತೊಳಿಯೂದು ಹೊರಗ, ಚಪ್ಪಲಿ ಬಾಜೂಕ," ಎಂದ. ಮತ್ತೆ ಗೆರೆ ಎಳೆದೆವು. ಮೂರನೆಯ ಗುಂಪು ನೀರಿನಂತೆ ಹರಿದುಹೋಯಿತು. ಕಾಕು ನನ್ನನ್ನು ಹಿಡಿದು ಗಿರ್ರನೆ ತಿರುಗಿಸಿದಳು...

ಆ ಮೇಲೆ ಅರ್ಧ ಭಾಗ ಒಡೆದು, ಉಳಿದರ್ಧದಲ್ಲಿ ಬಡಿಸುತ್ತ ಕೆಲಸ ಮುಗಿಸಿದರು. ಒಲೆ ಆರಲಿಲ್ಲ, ಗಿರಾಕಿಗಳು ಬೇರೆಡೆ ಹೋಗಲಿಲ್ಲ.

ಕಾಕು ತೀರಿಕೊಂಡದ್ದು ಹೋದ ವರ್ಷ. ಮೊನ್ನೆ ಹಳಿಯಾಳದಿಂದ ಬಸ್ಸು ಹತ್ತಿ ನೇರ ಖಾನಾವಳಿಗೇ ಹೋದೆ. ಈಗ ಆಕೆಯ ಸೊಸೆ ನಡೆಸುತ್ತಾಳೆ. ಜನ ಕಿಕ್ಕಿರಿದಿದ್ದರು. "ರೊಟ್ಟಿ ಮೊದಲಿನಂಗ ತೆಳ್ಳಗ ಇಲ್ಲ ನೋಡ್ರಿ," ಎಂದೆ, ಸುಮ್ಮನೆ ಕೆಣಕಲೆಂದು.

"ಹೌದ್ರಿ ಅಕ್ಕಾರ, ಇರಬೇಕು," ಎಂದಳು ಆಕೆ, ವಿನಯದಿಂದ.

ರೊಟ್ಟಿ ತೆಳ್ಳಗೇ ಇತ್ತು. ಕಾಕು ಇದ್ದಿದ್ದರೆ ಅಷ್ಟು ಸುಲಭವಾಗಿ ನನ್ನನ್ನು ಗೆಲ್ಲಲು ಬಿಡುತ್ತಿರಲಿಲ್ಲ.